ಎರಡು ಗಂಟೆ ಹದಿನೇಳು ನಿಮಿಷ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರು, ಗೊಬ್ಬರದ ಅಂಗಡಿಗೂ ಬೇಕರಿಗೂ ನಡುವಿನ ಆರಡಿ ಅಗಲದ ಸಂದಿಯಲ್ಲಿ ಓಂಕಾರಪ್ಪನ ವಾಚ್ ರಿಪೇರಿ ಅಂಗಡಿ. ಇಪ್ಪತ್ತೆಂಟು ವರ್ಷದಿಂದ ಅದೇ ಕುರ್ಚಿ, ಅದೇ ಗಾಜಿನ ಪೆಟ್ಟಿಗೆ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅದೇ ಕರೀ ಭೂತಗಾಜು. ಬದಲಾಗಿದ್ದು ಊರಿನವರ ಮಣಿಕಟ್ಟು ಮಾತ್ರ. ಸಾವಿರದ ಒಂಬೈನೂರ ತೊಂಬತ್ತಾರರ ಹೊತ್ತಿಗೆ ಎಲ್ಲರಿಗೂ ಸೆಲ್ಲಿನ ವಾಚು ಬಂದುಬಿಟ್ಟಿತ್ತು. ಬೆನ್ನು ತೆಗೆ, ಸೆಲ್ಲು ಹಾಕು, ಮುಚ್ಚು. ಅದಕ್ಕೆ ವಿದ್ಯೆ ಬೇಡ, ಉಗುರಿದ್ದರೆ ಸಾಕು. ಮಾವನ ಹತ್ತಿರ ಏಳು ವರ್ಷ ಕೂತು ಕಲಿತ ಕೈ ಈಗ ದಿನಕ್ಕೆ ನಾಲ್ಕು ಬೆಲ್ಟು, ಆರು ಸೆಲ್ಲು ಬದಲಿಸಿ ಸಂಜೆ ಬಾಗಿಲು ಹಾಕುತ್ತಿತ್ತು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಅಂತ ಗಾದೆಯಿದೆಯಲ್ಲ, ಓಂಕಾರಪ್ಪನೂ ಸುಮ್ಮನೆ ಕೂರಲಾರದೆ ಅಂಗಡಿಯ ಗೋಡೆ ಗಡಿಯಾರವನ್ನೇ ತಿಂಗಳಿಗೊಮ್ಮೆ ಬಿಚ್ಚಿ ಒರೆಸುತ್ತಿದ್ದ.

ದಸರೆಗೆ ಎರಡು ವಾರ ಇರುವಾಗ ಬಾಳೂರು ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಸುಬ್ಬಯ್ಯನವರು ಒಂದು ಮರದ ಪೆಟ್ಟಿಗೆಯನ್ನು ಎದೆಗವುಚಿಕೊಂಡು ಬಂದರು. ಅವರು ನೌಕಾದಳದಲ್ಲಿ ಹದಿನೈದು ವರ್ಷ ಕೆಲಸ ಮಾಡಿ, ಪೆನ್ಶನ್ ಪಡೆದು ಬಂದು, ತಮ್ಮ ತಂದೆ ರೈಟರಾಗಿದ್ದ ಎಸ್ಟೇಟಿನಲ್ಲೇ ರೈಟರಾದವರು. ಮಾತು ಕಡಿಮೆ. ಅವತ್ತು ಮುಖ ಬಾಡಿ ಹೋಗಿತ್ತು. ಪೆಟ್ಟಿಗೆಯ ಹಿತ್ತಾಳೆ ಕೊಕ್ಕೆ ಸರಿಸಿ ಮುಚ್ಚಳ ಎತ್ತಿದರು. ಒಳಗೆ ಹಸಿರು ಮಖಮಲ್ಲಿನ ಮೇಲೆ ಅಂಗೈ ತುಂಬುವಷ್ಟು ದೊಡ್ಡ ಗಡಿಯಾರ. ಬಿಳೀ ಮುಖ, ನೀಲಿ ಮುಳ್ಳು, ಆರರ ಮೇಲೆ ಸೆಕೆಂಡಿನ ಪುಟ್ಟ ವೃತ್ತ, ಅದರ ಪಕ್ಕ ಸಣ್ಣದೊಂದು ಬಾಣದ ಗುರುತು.

"ಹಡಗಿಂದು," ಎಂದರು ಸುಬ್ಬಯ್ಯ. "ಬ್ರಿಟಿಷರ ಕಾಲದ್ದು. ರಿಪೇರಿಗೆ ತಂದಿದ್ದಲ್ಲ ಓಂಕಾರಪ್ನೋರೇ. ಮಂಗಳೂರಿಗೆ ಹೋಗ್ತಿದೀನಿ, ಹೊಟ್ಟೆದೊಂದು ಆಪರೇಷನ್ ಆಗ್ಬೇಕು. ಅಂಬುಜಾನೂ ಜೊತೆಗೆ ಬರ್ತಾಳೆ. ಮನೇಲಿ ಯಾರೂ ಇರಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಇದಕ್ಕೆ ಕೀ ಕೊಡ್ಬೇಕು. ನಿಲ್ಲಬಾರ್ದು."

"ಅಷ್ಟೇನಾ?"

"ಅಷ್ಟೇ. ಬಿಚ್ಬೇಡಿ. ಮುಳ್ಳು ಮುಟ್ಬೇಡಿ. ಕೀ ಮಾತ್ರ ಕೊಡಿ."

ಓಂಕಾರಪ್ಪ ಗೋಡೆಯ ಕಡೆ ನೋಡಿದ. ಅಲ್ಲಿ ಹನ್ನೊಂದೂ ಹತ್ತು. ಇದರಲ್ಲಿ ಒಂಬತ್ತಕ್ಕೆ ಇನ್ನೂ ಏಳು ನಿಮಿಷ ಬಾಕಿ.

"ಟೈಮೇ ತಪ್ಪಿದೆಯಲ್ಲ ರೈಟ್ರೇ?"

"ಇರ್ಲಿ. ಹಾಗೇ ಇರ್ಲಿ." ಇನ್ನೇನೋ ಹೇಳುವವರ ಹಾಗೆ ಬಾಯಿ ತೆರೆದರು. ಅಷ್ಟರಲ್ಲಿ ಮಂಗಳೂರು ಬಸ್ಸು ಹಾರ್ನ್ ಹೊಡೆಯಿತು, ಬಸ್ಸಿನ ಕಿಟಕಿಯಿಂದ ಅವರ ಹೆಂಡತಿ ಅಂಬುಜಮ್ಮ ಕೈ ಬೀಸಿ ಕರೆದರು. ಸುಬ್ಬಯ್ಯ ಪೆಟ್ಟಿಗೆಯ ಮೇಲೆ ಒಮ್ಮೆ ಕೈಯಿಟ್ಟು, ಓಡುನಡಿಗೆಯಲ್ಲಿ ರಸ್ತೆ ದಾಟಿದರು.

ಬಿಚ್ಚಬೇಡಿ ಎಂದದ್ದು ಓಂಕಾರಪ್ಪನಿಗೆ ಚುಚ್ಚಿತು. ಒಳ್ಳೇ ವಾಚು ಕೊಟ್ಟರೆ ರಿಪೇರಿಯವರು ಒಳಗಿನ ಸಾಮಾನು ಬದಲಿಸಿಬಿಡುತ್ತಾರೆ ಎಂಬ ಮಾತು ಊರೂರಲ್ಲಿ ಇದ್ದದ್ದೇ. ಹಾಗೆ ಮಾಡುವವರು ಇದ್ದರು ಕೂಡ. ಆದರೆ ಓಂಕಾರಪ್ಪ ಒಂದು ತಿರುಪನ್ನೂ ಕದ್ದವನಲ್ಲ. ಇಷ್ಟು ವರ್ಷ ನೋಡಿದ ರೈಟರೂ ಹೀಗೆ ಅಂದುಕೊಂಡರಲ್ಲ ಎಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಶಿವಗಂಗಮ್ಮನ ಮುಂದೆ ಗೊಣಗಿದ.

"ಅವ್ರು ಕಳ್ಳ ಅಂದ್ರಾ? ಬಿಚ್ಬೇಡಿ ಅಂದ್ರು. ಬಿಚ್ದಿದ್ರೆ ಆಯ್ತಪ್ಪ," ಎಂದಳು ಅವಳು, ಸಾರು ಬಡಿಸುತ್ತ.

ಮೊದಲ ವಾರ ಅವನು ಹೇಳಿದಷ್ಟೇ ಮಾಡಿದ. ಬೆಳಿಗ್ಗೆ ಎಂಟಕ್ಕೆ ರೇಡಿಯೋದಲ್ಲಿ ಪೀಪ್ ಪೀಪ್ ಎನ್ನುವಾಗ ಪೆಟ್ಟಿಗೆ ತೆರೆದು ಕೀ ಕೊಡುತ್ತಿದ್ದ. ಆ ಕೀ ಕೊಡುವುದರಲ್ಲೇ ಅವನ ಹಾಳು ಮನಸ್ಸು ಸೋತದ್ದು. ಸಾಮಾನ್ಯ ವಾಚಿನ ಕೀ ಕರಕರ ಎನ್ನುತ್ತದೆ. ಇದು ಹದವಾಗಿ, ಒಂದೊಂದು ಹಲ್ಲೂ ಲೆಕ್ಕ ಹೇಳಿದ ಹಾಗೆ ಬೆರಳಿಗೆ ಸಿಗುತ್ತಿತ್ತು. ಇಷ್ಟು ಚೆಂದ ಸುತ್ತಿಕೊಳ್ಳುವುದು ಒಳಗೆ ಹೇಗಿರಬಹುದು? ಎಂಟನೇ ದಿನ ಅವನ ಬೆರಳು ತಾನಾಗಿಯೇ ಬೆನ್ನಿನ ಮುಚ್ಚಳವನ್ನು ತಿರುಗಿಸಿತು. ನೋಡುವುದಕ್ಕೇನು ದೋಷ, ಮುಟ್ಟುವುದಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಕಳ್ಳನಿಗೊಂದು ಪಿಳ್ಳೆ ನೆವ.

ಮುಚ್ಚಳ ತೆರೆದವನು ಕಾಲು ಗಂಟೆ ಅಲುಗಾಡಲಿಲ್ಲ. ಸೆಲ್ಲು ಹಾಕಿಸಲು ಬಂದ ಹುಡುಗಿಯೊಬ್ಬಳು ಮೂರು ಸಲ ಕರೆದು ಬೈದುಕೊಂಡು ಹೋದಳು.

ಹಿತ್ತಾಳೆಯ ತಗಡುಗಳ ಮೇಲೆ ಗಾಳಿಗೆ ಬಾಗಿದ ಗದ್ದೆಯಂತೆ ಸಣ್ಣ ಸಣ್ಣ ಅಲೆಗೆರೆ. ಒಂದೊಂದು ತಿರುಪನ್ನೂ ಕಾಯಿಸಿ ನೀಲಿ ಬಣ್ಣಕ್ಕೆ ತಂದಿದ್ದರು, ಎಲ್ಲಕ್ಕೂ ಒಂದೇ ನೀಲಿ. ಕೆಂಪು ಕಲ್ಲುಗಳನ್ನು ಚಿನ್ನದ ಬಳೆಯೊಳಗೆ ಕೂರಿಸಿದ್ದರು. ನಡುವೆ ಬ್ಯಾಲೆನ್ಸ್ ಚಕ್ರ ಅತ್ತ ಇತ್ತ ತೂಗುತ್ತಿತ್ತು, ಅವಸರವಿಲ್ಲ, ಆಯಾಸವಿಲ್ಲ. ಅದರೊಳಗಿನ ಕೂದಲೆಳೆಯಂಥ ಸ್ಪ್ರಿಂಗು ಅರಳಿ ಮುದುಡಿ ಅರಳುತ್ತಿತ್ತು. ಇದನ್ನು ಯಂತ್ರ ಮಾಡಿದ್ದಲ್ಲ, ಮನುಷ್ಯ ಮಾಡಿದ್ದು ಎಂದು ಓಂಕಾರಪ್ಪನಿಗೆ ಗೊತ್ತಾಯಿತು. ಅವನ ಕಣ್ಣು ತುಂಬಿ ಭೂತಗಾಜಿಗೆ ಮಂಜು ಕಟ್ಟಿತು.

ಆದರೆ ಕಂಡದ್ದು ಚೆಂದ ಮಾತ್ರವಲ್ಲ. ಕಲ್ಲುಗಳ ಸುತ್ತ ಎಣ್ಣೆ ಒಣಗಿ ಕಂದು ಗೋಂದಾಗಿತ್ತು. ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಯಾರೂ ಮುಟ್ಟಿರಲಿಲ್ಲ. ಹೀಗೇ ಬಿಟ್ಟರೆ ಸವೆದು ಸವೆದು ಒಂದು ದಿನ ನಿಲ್ಲುತ್ತದೆ, ನಿಂತ ಮೇಲೆ ಇಂಥ ಸಾಮಾನು ಈ ಭೂಮಿಯ ಮೇಲೆ ಸಿಗುವುದಿಲ್ಲ. ಮನೆಗೆ ಹೋದವನಿಗೆ ಅನ್ನ ಸೇರಲಿಲ್ಲ.

ಆಯುಧಪೂಜೆ ಎದುರಿಗಿತ್ತು. ಅವನ ಮಾವನ ಕಾಲದಿಂದಲೂ ಅಂಗಡಿಯಲ್ಲಿ ಒಂದು ಪದ್ಧತಿ: ಆ ದಿನ ಅಂಗಡಿಯೊಳಗಿರುವ ಯಾವ ಗಡಿಯಾರವೂ ಕೊಳೆಯಾಗಿರಬಾರದು, ಯಾವುದೂ ತಪ್ಪು ಹೊತ್ತು ತೋರಿಸಬಾರದು. ಗಿರಾಕಿಯದಾಗಲಿ, ತಮ್ಮದಾಗಲಿ, ತೊಳೆದು, ಎಣ್ಣೆ ಬಿಟ್ಟು, ರೇಡಿಯೋದ ಪೀಪಿಗೆ ಸರಿಮಾಡಿ, ಆಮೇಲೆ ವಿಭೂತಿ, ಕುಂಕುಮ. ತಪ್ಪು ಹೊತ್ತು ತೋರಿಸುವ ಗಡಿಯಾರವನ್ನು ದೇವರ ಮುಂದಿಡುವುದೆಂದರೆ ದೇವರೆದುರು ಸುಳ್ಳು ಹೇಳಿದಂತೆ ಎನ್ನುತ್ತಿದ್ದರು ಮಾವ. ಓಂಕಾರಪ್ಪನಿಗೆ ಅಷ್ಟು ಸಾಕಾಯಿತು. ಅಂಗಡಿಗೆ ಬಂದ ಗಡಿಯಾರಗಳಲ್ಲೆಲ್ಲ ಶ್ರೇಷ್ಠವಾದದ್ದು ಎರಡು ಗಂಟೆಗೂ ಹೆಚ್ಚು ಹಿಂದೆ ಬಿದ್ದು, ಒಣ ಎಣ್ಣೆಯಲ್ಲಿ ಕೂತಿರುವುದನ್ನು ಅವನಿಗೆ ಸಹಿಸಲಾಗಲಿಲ್ಲ. ರೈಟರು ಬಂದಾಗ ಹೊಸದರಂತೆ ಕೈಗಿಡುತ್ತೇನೆ, ದುಡ್ಡು ಮುಟ್ಟುವುದಿಲ್ಲ, ಆಗ ಗೊತ್ತಾಗುತ್ತದೆ ಅವರಿಗೆ ಓಂಕಾರಪ್ಪ ಎಂಥವನು ಅಂತ.

"ಅವ್ರು ಬೇಡ ಅಂದಿದ್ರಲ್ಲ," ಎಂದಳು ಶಿವಗಂಗಮ್ಮ.

"ನಿಂಗೊತ್ತಾಗಲ್ಲ ಸುಮ್ನಿರು."

ಭಾನುವಾರ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಕೂತ. ಬ್ಯಾಲೆನ್ಸ್ ಚಕ್ರವನ್ನು ಕುಂಚದ ಕೂದಲಿನಿಂದ ತಡೆದ. ಟಿಕ್ ಟಿಕ್ ನಿಂತಿತು. ಆ ಮೌನಕ್ಕೆ ಹೆದರಿ ಕುಂಚವನ್ನು ಹಿಂದೆ ತೆಗೆಯಲು ನೋಡಿದ ನಿಜ. ಆದರೆ ನೀರಿಗಿಳಿದ ಮೇಲೆ ಚಳಿಯೇನು. ಒಂದೊಂದೇ ಬಿಚ್ಚಿ ಬಿಳೀ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಮುಖದ ಕೆಳಗಿನ ತಗಡನ್ನು ಮಗುಚಿದಾಗ ಅವನ ಕೈ ನಿಂತುಹೋಯಿತು. ಅಲ್ಲೂ ಅದೇ ಅಲೆಗೆರೆ, ಅದೇ ಮೆರುಗು, ಅಂಚುಗಳಿಗೆ ಅದೇ ನಯ. ಮುಖದಡಿಗೆ ಮುಚ್ಚಿಹೋಗುವ ಜಾಗ ಅದು. ಹಡಗಿನ ಕ್ಯಾಪ್ಟನ್ ನೋಡುವುದಿಲ್ಲ, ಕೊಂಡವನು ನೋಡುವುದಿಲ್ಲ. ಇಪ್ಪತ್ತು ವರ್ಷಕ್ಕೊಮ್ಮೆ ಯಾವನೋ ರಿಪೇರಿಯವನು ನೋಡಬೇಕು. ಆ ಪುಣ್ಯಾತ್ಮ ಅದನ್ನು ತನಗೋಸ್ಕರವೇ, ಮೂಡಿಗೆರೆಯ ಓಂಕಾರಪ್ಪನಿಗೋಸ್ಕರವೇ ಉಜ್ಜಿಟ್ಟು ಹೋದ ಎಂದು ಅವನಿಗೆ ಅನ್ನಿಸಿತು. ಬದುಕಿನಲ್ಲಿ ಅಷ್ಟು ಸುಖ ಅವನು ಬೇರೆ ಯಾವ ಭಾನುವಾರವೂ ಪಟ್ಟಿರಲಿಲ್ಲ.

ತೊಳೆದ, ಒರೆಸಿದ, ಸೂಜಿಮೊನೆಯಷ್ಟು ಎಣ್ಣೆ ಬಿಟ್ಟ, ಜೋಡಿಸಿದ. ಬೆನ್ನಿನ ಮುಚ್ಚಳದ ಒಳಮೈಯಲ್ಲಿ ಹಿಂದೆ ಬಿಚ್ಚಿದವರೆಲ್ಲ ಗೀಚಿದ ಸಣ್ಣ ಸಹಿ, ತಾರೀಕುಗಳಿದ್ದವು. ಅದು ಈ ಕಸುಬಿನವರ ರೂಢಿ. ಓಂಕಾರಪ್ಪನೂ ಸೂಜಿ ಎತ್ತಿದ. ಆಮೇಲೆ, ಬಿಚ್ಚಬೇಡಿ ಅಂದಿದ್ದರಲ್ಲ ಎಂದು ನೆನಪಾಗಿ, ಗೀಚದೆ ಮುಚ್ಚಿದ. ಇಪ್ಪತ್ತೆಂಟು ವರ್ಷದಲ್ಲಿ ಗುರುತು ಹಾಕದೆ ಮುಚ್ಚಿದ್ದು ಅದೊಂದನ್ನೇ.

ಮರುದಿನ ಬೆಳಿಗ್ಗೆ ಎಂಟರ ಪೀಪಿಗೆ ಸರಿಯಾಗಿ ಮುಳ್ಳು ತಿರುಗಿಸಿ ಹೊತ್ತು ಕೂರಿಸಿದ. ಪೂಜೆಯಲ್ಲಿ ಎಲ್ಲಕ್ಕಿಂತ ನಡುವೆ, ಸೇವಂತಿಗೆಯ ಮಧ್ಯೆ, ಹಡಗಿನ ಗಡಿಯಾರವೇ ಕೂತಿತು.

ಹಬ್ಬ ಕಳೆದು ಹತ್ತು ದಿನಕ್ಕೆ ಸುಬ್ಬಯ್ಯ ಬಂದರು. ಅರ್ಧ ಆಳಾಗಿದ್ದರು, ಅಂಗಿ ನೇತುಬಿದ್ದಿತ್ತು. ಅಂಬುಜಮ್ಮ ಬೇಕರಿಯ ಬೆಂಚಿನ ಮೇಲೆ ಕೂತರು. ಓಂಕಾರಪ್ಪ ನಗುತ್ತ ಪೆಟ್ಟಿಗೆ ತೆರೆದು ಮುಂದಿಟ್ಟ. ಹೊಗಳಿಕೆಗೆ ಕಾದು ನಿಂತ.

ಸುಬ್ಬಯ್ಯ ಗಡಿಯಾರ ನೋಡಿದರು. ತಮ್ಮ ಕೈಗಡಿಯಾರ ನೋಡಿದರು. ಗೋಡೆ ನೋಡಿದರು. ಮೂರೂ ಒಂದೇ ಹೊತ್ತು ಹೇಳುತ್ತಿದ್ದವು.

"ಎಷ್ಟು ತಿರುಗಿಸಿದ್ರಿ?" ಎಂದರು, ಮೆತ್ತಗೆ.

"ಏನು?"

"ಮುಳ್ಳು. ತಿರುಗಿಸೋ ಮುಂಚೆ ಎಷ್ಟು ತೋರಿಸ್ತಿತ್ತು? ಬರ್ದಿಟ್ಟಿದೀರಾ?"

"ಇಲ್ಲ ರೈಟ್ರೇ. ಯಾಕೆ ಬರೀಲಿ? ಹಿಂದಿತ್ತು, ಸರಿ ಮಾಡ್ದೆ. ಎಣ್ಣೆ ಪೂರಾ ಒಣಗಿತ್ತು, ಎಲ್ಲ ಬಿಚ್ಚಿ..." ಅವನ ಮಾತು ನಿಧಾನವಾಯಿತು. ರೈಟರು ಸ್ಟೂಲಿನ ಮೇಲೆ ಕೂತುಬಿಟ್ಟಿದ್ದರು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜೋಳಿಗೆಯಿಂದ ಒಂದು ದಪ್ಪ ನೋಟ್‌ಬುಕ್ ತೆಗೆದರು. ಪುಟಪುಟವೂ ತಾರೀಕು, ಅದರೆದುರು ನಿಮಿಷ, ಸೆಕೆಂಡು. ಹಡಗಿನಲ್ಲಿ ಇಂಥ ಗಡಿಯಾರಕ್ಕೆ ಹೊತ್ತು ಸರಿಮಾಡುವುದಿಲ್ಲವಂತೆ. ಒಮ್ಮೆ ಇಟ್ಟರೆ ಮುಗಿಯಿತು. ಎಷ್ಟು ತಪ್ಪಿದೆ ಎಂದು ದಿನಾ ಬರೆದುಕೊಳ್ಳುತ್ತಾರಂತೆ, ತಪ್ಪನ್ನು ಮುಟ್ಟುವುದಿಲ್ಲವಂತೆ.

"ಇದನ್ನ ಇಟ್ಟೋನು ಬೊಮ್ಮಯ್ಯ," ಎಂದರು ಸುಬ್ಬಯ್ಯ. "ನಮ್ಮ ಎಸ್ಟೇಟಿನ ಕೂಲಿಯವರ ಲೈನ್‌ಮನೆ ಸಿದ್ದಮ್ಮನ ಮಗ. ಇಬ್ರೂ ಒಂದೇ ದಿನ ನೇವಿಗೆ ಸೇರಿದ್ವಿ. ಬೊಂಬಾಯಿ ಗುಜರೀಲಿ ಇದು ಕಣ್ಣಿಗೆ ಬಿತ್ತು, ಎರಡು ತಿಂಗಳ ಸಂಬಳ ಕೊಟ್ಟು ತಗೊಂಡ. ಎಪ್ಪತ್ತೊಂಬತ್ತು, ಜೂನು. ಬೆಳಿಗ್ಗೆ ಎಂಟಕ್ಕೆ ಹೊತ್ತು ಇಟ್ಟು ನನ್ನ ಕೈಗೆ ಕೊಟ್ಟ. ಈ ವಾರ ನಂಗೆ ಡೆಕ್ಕಿನ ಮೇಲೆ ಡ್ಯೂಟಿ ಮಾರಾಯ, ದಿನಾ ಕೀ ಕೊಡು ಅಂದ. ಮೂರನೇ ದಿನ ಅಲೆ ಬಂತು. ಹೆಣವೂ ಸಿಗ್ಲಿಲ್ಲ."

ಓಂಕಾರಪ್ಪ ಪೆಟ್ಟಿಗೆಯ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದ.

"ಅವನು ಇಟ್ಟ ಹೊತ್ತು ಹಾಗೇ ನಡೀತಾ ಬಂತು. ಹದಿನೇಳು ವರ್ಷ. ನಾನು ಕೀ ಕೊಟ್ಟೆ ಅಷ್ಟೇ."

"ಎಣ್ಣೆ ಒಣಗಿತ್ತು ರೈಟ್ರೇ. ಇನ್ನೊಂದು ವರ್ಷಕ್ಕೆ ನಿಂತೇ ಹೋಗೋದು."

"ಗೊತ್ತಿತ್ತು. ತಾನಾಗೇ ನಿಲ್ಲೋ ದಿನ ನಿಲ್ಲಲಿ ಅಂತಿತ್ತು ನಂಗೆ." ಪೆಟ್ಟಿಗೆಯ ಮುಚ್ಚಳ ಇಳಿಸುತ್ತ ಅಂದರು, "ನಿಮ್ಮ ತಪ್ಪಲ್ಲ. ನಾನು ಹೇಳಿ ಹೋಗ್ಬೇಕಿತ್ತು. ಆಪರೇಷನ್ ಹೆದರಿಕೆ, ಬಸ್ಸು ಬೇರೆ ಕೂಗ್ತಿತ್ತು."

ಓಂಕಾರಪ್ಪ ನೋಟ್‌ಬುಕ್ ಎಳೆದುಕೊಂಡ. ಕೊನೆಯ ಸಾಲಿನಲ್ಲಿ ಎರಡು ಗಂಟೆ ಹದಿನೇಳು ನಿಮಿಷ ಎಂದಿತ್ತು. "ಇದಿದೆಯಲ್ಲ! ದಿನಕ್ಕೆ ಒಂದೂಕಾಲು ಸೆಕೆಂಡಿನ ಲೆಕ್ಕ ಹಾಕಿ ಈಗಲೇ ಹಿಂದಕ್ಕೆ ಇಟ್ಟುಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಅದು ನಮ್ಮ ಲೆಕ್ಕ ಆಗುತ್ತೆ ಓಂಕಾರಪ್ನೋರೇ. ಅವನು ಇಟ್ಟಿದ್ದು ಆಗಲ್ಲ." ಪೆನ್ನು ತೆಗೆದು ಅವನ ಮುಂದಿಟ್ಟರು. "ಮುಳ್ಳು ಮುಟ್ಟಿದೋರು ಬರೀಬೇಕು. ಅದು ರೂಲು. ತಾರೀಕು, ಹೆಸರು."

ಗಡಿಯಾರದೊಳಗೆ ಗೀಚದೆ ಬಿಟ್ಟ ಹೆಸರನ್ನು ಓಂಕಾರಪ್ಪ ಆ ಪುಟದಲ್ಲಿ ಬರೆದ. ಅಕ್ಷರ ಓರೆಯಾಯಿತು. ನಿಮಿಷ, ಸೆಕೆಂಡಿನ ಜಾಗ ಖಾಲಿ ಬಿಡಬೇಕಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆಯನ್ನು ಅವನು ಬೇರೆಯವರ ಬಗ್ಗೆ ಎಷ್ಟು ಸಲ ಹೇಳಿ ನಕ್ಕಿದ್ದನೋ.

"ನಂದು ಬಿಡಿ," ಎಂದರು ಸುಬ್ಬಯ್ಯ ಏಳುತ್ತ. "ಶನಿವಾರ ಸಿದ್ದಮ್ಮ ಬರ್ತಾಳೆ. ಅವಳಿಗೆ ಏನು ಹೇಳ್ಲಿ ಅಂತ."

ವಿಷಯ ಹೀಗಿತ್ತು. ಸುಬ್ಬಯ್ಯ ಊರಿಗೆ ಮರಳಿದಾಗಿನಿಂದ ಪ್ರತಿ ಶನಿವಾರ ಸಂಜೆ, ಕೆಲಸ ಬಿಡುವ ನಾಲ್ಕೂವರೆ ಗಂಟೆಯ ಹೊತ್ತಿಗೆ, ಸಿದ್ದಮ್ಮ ಎಸ್ಟೇಟ್ ಆಫೀಸಿನ ಜಗಲಿಗೆ ಬಂದು ಗಡಿಯಾರವನ್ನು ಕಿವಿಗಿಟ್ಟುಕೊಂಡು ಕೂರುತ್ತಿದ್ದಳು. ಆಮೇಲೆ, ನನ್ನ ಮಗನಿಗೆ ಎಷ್ಟಾಯ್ತಯ್ಯ, ಎಂದು ಕೇಳುತ್ತಿದ್ದಳು. ಮೊದಲ ವರ್ಷ ಇಲ್ಲಿಗೂ ಅಲ್ಲಿಗೂ ಹತ್ತು ನಿಮಿಷದ ಅಂತರವಿತ್ತು. ಅದು ಬೆಳೆಯುತ್ತ ಬಂತು. ಅವಳು ಅದಕ್ಕೂ ಒಂದು ಅರ್ಥ ಮಾಡಿಕೊಂಡಿದ್ದಳು: ಹಡಗು ದೂರ ದೂರ ಹೋದಷ್ಟೂ ಹೊತ್ತು ಹಿಂದೆ ಬೀಳುತ್ತದಂತೆ, ಮಗನೇ ರಜೆಗೆ ಬಂದಾಗ ಹೇಳಿದ್ದನಂತೆ.

"ನಾನೇ ಬಂದು ಹೇಳ್ತೀನಿ," ಎಂದ ಓಂಕಾರಪ್ಪ. "ತಪ್ಪು ಮಾಡ್ದೋನು ನಾನು."

ಶನಿವಾರ ಮಧ್ಯಾಹ್ನ ಕಳಸದ ಬಸ್ಸು ಹತ್ತಿ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿದ. ಕಾಲಿಗೆ ಬೀಳಬೇಕು ಎಂದುಕೊಂಡ. ಕೊಟ್ಟಿಗೆಹಾರ ದಾಟುವಾಗ, ಸುಮ್ಮನೆ ಮಗನಿಗೆ ಎರಡೂ ಕಾಲು ಎಂದು ಹೇಳಿಬಿಟ್ಟರೆ ಮುದುಕಿಗೆ ಏನು ಗೊತ್ತಾಗುತ್ತದೆ ಎಂಬ ಯೋಚನೆಯೂ ಬಂತು. ಅದಕ್ಕೆ ನಾಚಿಕೆಯೂ ಆಯಿತು.

ಸಿದ್ದಮ್ಮ ಆಗಲೇ ಜಗಲಿಯ ಮೇಲಿದ್ದಳು. ಎಂಬತ್ತರ ಹತ್ತಿರದ ಸಣ್ಣ ಜೀವ, ಎರಡೂ ಕಣ್ಣಿಗೆ ಪೊರೆ. ಸುಬ್ಬಯ್ಯ ಗಡಿಯಾರವನ್ನು ಅವಳ ಕೈಗೆ ಕೊಟ್ಟರು. ಅವಳು ಸೆರಗಿನಿಂದ ಅದರ ಬೆನ್ನು ಒರೆಸಿ ಕಿವಿಗಿಟ್ಟುಕೊಂಡಳು. ಹಣೆ ಗಂಟಾಯಿತು.

"ಏನಯ್ಯ, ದನಿ ಬೇರೆ ಆಗ್ಯದೆ?"

ಸುಬ್ಬಯ್ಯ ಓಂಕಾರಪ್ಪನ ಮುಖ ನೋಡಿದರು. ಅಷ್ಟರಲ್ಲಿ ಅಂಗಳದಲ್ಲಿ ನೇತುಹಾಕಿದ್ದ ಕಬ್ಬಿಣದ ತುಂಡಿಗೆ ಮೇಸ್ತ್ರಿ ಹೊಡೆದ. ನಾಲ್ಕೂವರೆ. ಕೆಲಸ ಬಿಟ್ಟಿತು.

"ಇಲ್ಲಿ ನಾಲ್ಕೂವರೆ ಆಯ್ತು," ಎಂದಳು ಸಿದ್ದಮ್ಮ. "ನನ್ನ ಮಗನಿಗೆ ಎಷ್ಟು?"

ಓಂಕಾರಪ್ಪ ಬಾಯಿ ತೆರೆದ. ಬಸ್ಸಿನಲ್ಲಿ ಜೋಡಿಸಿದ ಮಾತು ಒಂದೂ ಬರಲಿಲ್ಲ. ಬಂದದ್ದು ಜೀವಮಾನವಿಡೀ ಗಡಿಯಾರ ನೋಡಿ ಹೇಳಿದ ಅದೊಂದೇ ಮಾತು.

"ನಾಲ್ಕೂವರೆ, ತಾಯಿ."

"ಅಲ್ಲೂನಾ?"

"ಹೌದು."

ಸಿದ್ದಮ್ಮ ಗಡಿಯಾರವನ್ನು ಕಿವಿಯಿಂದ ಇಳಿಸಿದಳು. ಕೆಲಸ ಬಿಟ್ಟ ಹೆಂಗಸರು ಮಾತಾಡುತ್ತ ಜಗಲಿಯ ಮುಂದೆ ಹಾದುಹೋದರು. ಅವರ ಸದ್ದು ಲೈನ್‌ಮನೆಯ ಇಳಿಜಾರಿನಲ್ಲಿ ಕರಗುವವರೆಗೂ ಅವಳು ಗಡಿಯಾರವನ್ನು ತೊಡೆಯ ಮೇಲೆ ಹಿಡಿದಿದ್ದಳು.

"ಎರಡೂ ಒಂದೇ ಆದ್ವು ಅಂದ್ರೆ," ಎಂದಳು ಕೊನೆಗೆ, "ಅವ್ನು ಅಲ್ಲಿಲ್ಲ ಅಂತ ಆಯ್ತಲ್ಲ."

"ಇಲ್ಲ ತಾಯಿ, ನಾನು ಮಾಡಿದ್ದು, ಮುಳ್ಳು ನಾನು ತಿರುಗಿಸ್ದೆ, ಎಣ್ಣೆ ಒಣಗಿತ್ತು ಅಂತ..." ಓಂಕಾರಪ್ಪ ಅವಳ ಕಾಲ ಬಳಿ ಕೂತೇ ಬಿಟ್ಟಿದ್ದ. ಎಲ್ಲವನ್ನೂ ಹೇಳಿದ. ಅವಳು ಕೇಳಿದಳು, ಪೂರ್ತಿ ಕೇಳಿದಳು.

"ನೀವು ಗಡಿಯಾರದ ಕೆಲ್ಸ ಮಾಡೋರಾ?"

"ಹೌದು ತಾಯಿ."

"ಬಿಡಿ ಮತ್ತೆ. ನಿಮ್ಮ ಕೆಲ್ಸ ನೀವು ಮಾಡೀರಿ." ಗಡಿಯಾರವನ್ನು ಸುಬ್ಬಯ್ಯನ ಕಡೆ ಚಾಚಿದಳು. ಯಾವಾಗಲೂ ಮಾಡುವಂತೆ ಇನ್ನೊಮ್ಮೆ ಕಿವಿಗೆ ಇಟ್ಟುಕೊಳ್ಳಲಿಲ್ಲ. ಕೋಲು ತಡವಿ ಎದ್ದು, ಮೆಟ್ಟಿಲಿಳಿದು, ಹೆಂಗಸರು ಹೋದ ದಾರಿಯಲ್ಲೇ ಹೋದಳು.

ಆಮೇಲೆ ಓಂಕಾರಪ್ಪ ಅಂಗಡಿಯಲ್ಲಿ ಒಂದು ಹೊಸ ಅಭ್ಯಾಸ ಮಾಡಿಕೊಂಡ. ಯಾವ ಗಡಿಯಾರ ಬಂದರೂ, ಹತ್ತು ರೂಪಾಯಿಯ ಟೈಂಪೀಸೇ ಆಗಲಿ, ಮುಳ್ಳು ತಿರುಗಿಸುವ ಮೊದಲು ಅದು ಎಷ್ಟು ತೋರಿಸುತ್ತಿತ್ತು ಎಂದು ಚೀಟಿಯಲ್ಲಿ ಬರೆಯುತ್ತಿದ್ದ. ಗಿರಾಕಿಗಳು ಯಾಕೆ ಎಂದು ಕೇಳಿ ನಗುತ್ತಿದ್ದರು. ಇದರಿಂದ ಯಾರಿಗೂ ಒಂದು ಕಾಸಿನ ಉಪಯೋಗವೂ ಆಗಲಿಲ್ಲ.

ಮಾರ್ಚಿನಲ್ಲಿ ಸುಬ್ಬಯ್ಯ ಮೂಡಿಗೆರೆಗೆ ಬಂದವರು ಅಂಗಡಿಗೂ ಬಂದರು. ಮೈ ಕೈ ತುಂಬಿಕೊಂಡಿದ್ದರು. ಬೇಕರಿಯಿಂದ ಕಾಫಿ ತರಿಸಿದ ಓಂಕಾರಪ್ಪ, ಕೇಳಲೋ ಬೇಡವೋ ಎಂದುಕೊಂಡು ಕೇಳಿದ.

"ಸಿದ್ದಮ್ಮ ಬರ್ತಾರಾ ಶನಿವಾರ?"

"ಇಲ್ಲ. ಅವತ್ತೇ ಕೊನೆ. ಪುಷ್ಯದಲ್ಲಿ ಮಗನ ಹೆಸ್ರಲ್ಲಿ ತಿಥಿ ಮಾಡಿ ನಾಲ್ಕು ಜನಕ್ಕೆ ಊಟ ಹಾಕಿದ್ಳು. ಹದಿನೇಳು ವರ್ಷ ಬೇಡ ಬೇಡ ಅಂತಿದ್ಳು, ತಾನಾಗೇ ಮಾಡಿದ್ಳು. ಆಮೇಲೆ ಹೆಚ್ಚು ದಿನ ಉಳೀಲಿಲ್ಲ."

ಓಂಕಾರಪ್ಪನ ಲೋಟದ ಕಾಫಿ ಹಾಗೇ ಕೆನೆ ಕಟ್ಟಿತು. ಇನ್ನೇನು ಕೇಳಬೇಕೋ ತಿಳಿಯದೆ, ಕಸುಬಿನವನು ಕೇಳುವುದನ್ನೇ ಕೇಳಿದ.

"ಗಡಿಯಾರ ಹೇಗಿದೆ?"

"ಬಹಳ ಚೆನ್ನಾಗಿ ನಡೀತಿದೆ ಓಂಕಾರಪ್ನೋರೇ," ಎಂದರು ಸುಬ್ಬಯ್ಯ. "ಒಂದು ಸೆಕೆಂಡೂ ತಪ್ಪಲ್ಲ."

ಅವರ ದನಿಯಲ್ಲಿ ಕುಹಕವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಯಾರಾದರೂ ಒಬ್ಬರು ತನಗೆ ಈ ಮಾತು ಹೇಳಲಿ ಎಂದು ಓಂಕಾರಪ್ಪ ಆ ಕುರ್ಚಿಯಲ್ಲಿ ಇಪ್ಪತ್ತೆಂಟು ವರ್ಷ ಕಾದಿದ್ದ. ಈಗ ಅವನಿಗೆ ತಲೆಯೆತ್ತಲು ಆಗಲಿಲ್ಲ. ಸುಬ್ಬಯ್ಯ ಬಸ್ಸು ಹತ್ತಿ ಹೋಗುವವರೆಗೂ ಗಾಜಿನ ಪೆಟ್ಟಿಗೆಯ ಮೇಲಿದ್ದ ಸೆಲ್ಲುಗಳನ್ನು ಸಾಲಾಗಿ ಜೋಡಿಸುತ್ತ ಕೂತಿದ್ದ.